ಬಾವಿಯ ತಳವೂ ಕೋಶದ ಆಳವೂ

ಕಾಪುವಿನ ಮನೆಗಳಲ್ಲಿ ಮಳೆಗಾಲ ಕಳೆದ ಮೇಲೆ ಬಾವಿಯ ನೀರು ತಿಳಿಯಾಗಿ ತಳದ ಕಲ್ಲುಗಳು ಕಾಣತೊಡಗುತ್ತವೆ. ಕಟ್ಟೆಯಿಂದ ಬಗ್ಗಿ ನೋಡುವ ಹುಡುಗನಿಗೆ ಅವು ಬಲು ಸಮೀಪದಲ್ಲಿರುವಂತೆ ತೋರುವುವು. ಕೊಡವನ್ನಿಳಿಸುವ ಅಜ್ಜಿಯಾದರೋ ಕಣ್ಣನ್ನು ನಂಬುವವಳಲ್ಲ. ಆಳವನ್ನು ಆಕೆ ಹಗ್ಗದ ಮಾರಿನಿಂದ ಬಲ್ಲಳು. ನೀರಿನಿಂದ ಹೊರಬರುವ ಬೆಳಕು ಬಾಗುವುದರಿಂದ, 4 ಅಡಿಯ ನೀರು ಮೇಲಿನಿಂದ ನೋಡುವವರಿಗೆ 3 ಅಡಿಯಾಗಿ ಕಾಣುವುದು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರ ಪಾಡೂ ಇದೇ. ಜೀವಕೋಶದ ಉದ್ದಗಲಗಳನ್ನು ಅಳೆಯುವುದು ಸುಲಭ. ದಪ್ಪವನ್ನು ಅಳೆಯಬೇಕಾದರೆ ತಿರುಪನ್ನು ತಿರುಗಿಸಿ, ಮೊದಲು ಮೇಲ್ಮೈಯನ್ನೂ ಬಳಿಕ ತಳವನ್ನೂ ಸ್ಪಷ್ಟಪಡಿಸಿಕೊಂಡು, ನಡುವಣ ಅಂತರವನ್ನು ಓದಬೇಕು. ನೀರಿನಲ್ಲಿರುವ ಕೋಶವನ್ನು ಗಾಳಿಯ ಮೂಲಕ ನೋಡಿದರೆ, ತಿರುಪು 3 ಮೈಕ್ರಾನೆಂದು ಹೇಳಿದ್ದು ನಿಜವಾಗಿ ಸುಮಾರು 4 ಆಗಿರುತ್ತದೆ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಇಷ್ಟು ಸೂಕ್ಷ್ಮವಾದ ಲೆಕ್ಕವೇತಕ್ಕೆಂದು ವಾಚಕರು ಕೇಳಬಹುದು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪಿತವಾದಂದಿನಿಂದ ಈ ಸೀಮೆಯವರಿಗೆ ರಕ್ತಪರೀಕ್ಷೆ ಹೊಸತಲ್ಲ. ರಕ್ತದ ಕೆಂಪು ಕಣವು 7–8 ಮೈಕ್ರಾನ್ ಅಗಲದ, ನಡುವೆ ತಗ್ಗಾದ ಬಿಲ್ಲೆ. ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಅದು ಉಂಡೆಯಾಗುವುದುಂಟು. ಉಂಡೆಯಾದ ಕಣವು ಗುಲ್ಮದ ಇಕ್ಕಟ್ಟಾದ ಸಂದುಗಳಲ್ಲಿ ನುಸುಳಲಾರದೆ ನಾಶವಾಗುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ. ಗಾಜಿನ ಮೇಲೆ ಬಳಿದು ಒಣಗಿಸಿದ ರಕ್ತದಲ್ಲಿ ಬಿಲ್ಲೆಯೂ ಉಂಡೆಯೂ ಬರಿಯ ವೃತ್ತಗಳೇ. ಉಂಡೆಯ ವೃತ್ತ ತುಸು ಕಿರಿದು, ಅದರ ನಡುವೆ ತಿಳಿಬಣ್ಣವಿಲ್ಲ. ಅಷ್ಟರಿಂದಲೇ ವೈದ್ಯರು ದಪ್ಪವನ್ನು ಊಹಿಸಬೇಕು.

ಊಹೆಯನ್ನು ಬಿಟ್ಟು ಅಳೆಯುವ ದಾರಿಯು ಅಡುಗೆಮನೆಯಲ್ಲಿಯೇ ಇದೆ. ಪೋಡಿಗೆಂದು ಮಟ್ಟುಗುಳ್ಳವನ್ನು ಮೆಟ್ಟುಕತ್ತಿಯಲ್ಲಿ ಒಂದೇ ದಪ್ಪಕ್ಕೆ ಹೆಚ್ಚಿದಾಗ ಬಿಲ್ಲೆಗಳು ಮೊದಲು ಹಿಗ್ಗಿ ಆಮೇಲೆ ಕುಗ್ಗುತ್ತವೆ. ಅವುಗಳ ಕ್ಷೇತ್ರಫಲಗಳನ್ನು ಕೂಡಿಸಿ ದಪ್ಪದಿಂದ ಗುಣಿಸಿದರೆ ಇಡಿಯ ಗುಳ್ಳದ ಗಾತ್ರ ಸಿಕ್ಕಿತು. ಇಟಲಿಯ ಕವಲಿಯೇರಿಯು 1635ರಷ್ಟು ಹಿಂದೆಯೇ ಪ್ರಕಟಿಸಿದ ತತ್ತ್ವ ಇದರ ಬುಡದಲ್ಲಿದೆ. ಆದರೆ ಕತ್ತಿ ತಾಗಿದ ಕೋಶ ಬದುಕುವುದೆಂತು? ಬೆಳಕಿನಿಂದಲೇ ಹೆಚ್ಚುವ ಉಪಾಯಕ್ಕೆ ಅಮೆರಿಕದ ಮಾರ್ವಿನ್ ಮಿನ್ಸ್ಕಿಯು 1957ರಲ್ಲಿ ಪೇಟೆಂಟ್ ಕೋರಿದನು. ಸೂಜಿಮೊನೆಯಂಥ ರಂಧ್ರವೊಂದು, ನೋಡುತ್ತಿರುವ ಪದರದ ಬೆಳಕನ್ನು ಮಾತ್ರ ಒಳಬಿಟ್ಟು ಮೇಲುಕೆಳಗಿನದನ್ನು ತಡೆಯುತ್ತದೆ. ಪದರ ಪದರವಾಗಿ ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಪೇರಿಸಿದರೆ ಕೋಶದ ಆಕಾರ ಮೂಡುವುದು.

ಇಲ್ಲಿಯೂ ಬಾವಿಯ ಮೋಸ ತಪ್ಪಿದ್ದಲ್ಲ. ಆಳದ ದಿಕ್ಕಿನಲ್ಲಿ ನೋಟ ಹೆಚ್ಚು ಮಸುಕಾದುದರಿಂದ ಪುಟ್ಟ ಗುಂಡುಮಣಿಯೂ ಕುಚ್ಚಲಕ್ಕಿಯ ಕಾಳಿನಂತೆ ನೀಳವಾಗಿ ಕಾಣುವುದು. ಆದುದರಿಂದ ಬಲ್ಲವರು ಕೋಶಕ್ಕೆ ಮುನ್ನ, ವ್ಯಾಸ ಗೊತ್ತಿರುವ ಇಂತಹ ಮಣಿಗಳನ್ನು ಅದೇ ದ್ರವದಲ್ಲಿಟ್ಟು ಅಳೆದು, ತಿರುಪಿನ ಲೆಕ್ಕವನ್ನು ತಿದ್ದಿಕೊಳ್ಳುತ್ತಾರೆ.