ಕಡಲೆಕಾಳಿನ ಸೇತುವೆ

ಮೂರನೇ ಕ್ಲಾಸಿನ ಮಕ್ಕಳಿಗೆ "ಸೇತುವೆ ಮಾಡೆಲ್ ಮಾಡ್ಕೊಂಡು ಬನ್ನಿ" ಅಂತ ಹೇಳಿ ಕಳಿಸಿದ್ರೆ ಆ ಮಾಡೆಲ್ ಮಾಡೋರು ಯಾರು ಹೇಳಿ? ಒಂದೋ ಅವರಪ್ಪ, ಇಲ್ಲಾಂದ್ರೆ ಪ್ಯಾಟೆ ಅಂಗಡಿಯೋನು. ಥರ್ಮಾಕೋಲು, ಬಣ್ಣದ ಪೇಪರು, ಮೇಲೆರಡು ಪ್ಲಾಸ್ಟಿಕ್ ಕಾರು ಅಂಟಿಸಿ ಕೊಡ್ತಾರೆ, ದುಡ್ಡು ಎಣಿಸ್ಕೋತಾರೆ. ಮಗು ಅದನ್ನ ಎರಡು ಕೈಲಿ ಹಿಡ್ಕೊಂಡು ಬಸ್ಸು ಹತ್ತುತ್ತೆ. ಅದರ ಮೇಲೆ ಒಂದು ತೆಂಗಿನಕಾಯಿ ಮಡಗಿದ್ರೆ ಗತಿ ಏನು ಅಂತ ಯಾರೂ ಕೇಳಲ್ಲ. ಸೇತುವೆ ಅಂದಮೇಲೆ ಭಾರ ಹೊರಬೇಕಲ್ವ?

ನಮ್ಮ ಮೊಮ್ಮಗಳಿಗೂ ಹಿಂಗೇ ಹೇಳಿ ಕಳಿಸಿದ್ರು. ಸೊಸೆ "ಕುಣಿಗಲ್ಲಿಂದ ತರಿಸ್ಬುಡೋಣ ಅತ್ತೆ, ಸುಮ್ನೆ ಯಾಕೆ ತಲೆನೋವು" ಅಂದ್ಲು. ಬ್ಯಾಡ ಕಣಮ್ಮ, ಶನಿವಾರ ಭಾನುವಾರ ಐತಲ್ಲ, ನಾವೇ ನೋಡ್ತೀವಿ ಅಂದೆ. ನಾನು ಓದಿರೋದು ಪಿಯುಸಿ, ಅದೂ ಆರ್ಟ್ಸು. ಇಂಜಿನಿಯರಿಂಗ್ ಪುಸ್ತಕ ಮುಟ್ಟಿದೋಳಲ್ಲ. ಆದ್ರೆ ಮೂವತ್ತು ವರ್ಷ ಮನೆ ನಡೆಸಿದೋಳಿಗೆ ಯಾವುದು ಭಾರ ತಡೀತದೆ, ಯಾವುದು ಕೈ ಕೊಡ್ತದೆ ಅಂತ ಅಷ್ಟೋ ಇಷ್ಟೋ ಗೊತ್ತಿರ್ತದೆ.

ಮೊದಲು ಒಂದು ಹಾಳೆ ತಗೊಂಡ್ವಿ. ಎರಡು ಡಬ್ಬ ಗೇಣುದ್ದ ದೂರ ಮಡಗಿ, ಮೇಲೆ ಹಾಳೆ ಹಾಸಿ, ಹತ್ತು ರೂಪಾಯಿ ಬಿಲ್ಲೆ ಇಟ್ವಿ. ಹಾಳೆ ಸೊಟ್ಟಕ್ಕೆ ಬಗ್ಗಿ ಬಿಲ್ಲೆ ಕೆಳಕ್ಕೆ ಬಿತ್ತು. ಅದೇ ಹಾಳೇನ ಸೀರೆ ನಿರಿಗೆ ಹಿಡಿದಂಗೆ ಹಿಂದಕ್ಕೆ ಮುಂದಕ್ಕೆ ಮಡಿಸು ಅಂದೆ. ಬೆರಳಗಲ ನಿರಿಗೆ. ನಿರಿಗೆ ಅಗಲಿಸಿಕೊಳ್ಳದ ಹಂಗೆ ಮೇಲೊಂದು ಹಳೇ ಲಗ್ನಪತ್ರಿಕೆ ಹಾಕಿ, ಅದರ ಮೇಲೆ ಪಾವು ಮಡಗಿ ಹುರುಳಿ ಸುರೀತಾ ಹೋದ್ವಿ. ಪಾವು ತುಂಬಿದ್ರೂ ಬೀಳ್ಲಿಲ್ಲ! ಅದೇ ಹಾಳೆ, ಅಷ್ಟೇ ತೂಕ. ಬದಲಾಗಿದ್ದು ಅದರ ಎತ್ತರ ಮಾತ್ರ. ಹಲಗೇನ ಮಲಗಿಸಿ ಹಾಸಿದ್ರೆ ಬಗ್ಗುತ್ತೆ, ಅಂಚಿನ ಮೇಲೆ ನಿಲ್ಲಿಸಿದ್ರೆ ಬಗ್ಗಲ್ಲ, ಅದೇ ಲೆಕ್ಕ. ದನದ ಕೊಟ್ಟಿಗೆ ಮೇಲಿನ ಶೀಟು ಯಾಕೆ ಅಲೆಅಲೆಯಾಗಿರ್ತದೆ ಅಂತ ಅವಳೇ ಓಡಿಹೋಗಿ ನೋಡ್ಕೊಂಡು ಬಂದ್ಲು.

ಆಮೇಲೆ ಕಡಲೆಕಾಳು. ರಾತ್ರಿ ನೆನೆ ಹಾಕಿದ ಕಡಲೆಕಾಳಿಗೆ ಕಡ್ಡಿಪೊರಕೆ ಕಡ್ಡೀನ ಎರಡೆರಡು ಇಂಚು ತುಂಡು ಮಾಡಿ ಚುಚ್ಚೋದು. ತುದಿ ಓರೆಯಾಗಿ ಕತ್ತರಿಸಿದ್ರೆ ಕಾಳು ಸೀಳಲ್ಲ. ಅಂಟು ಬ್ಯಾಡ, ದಾರ ಬ್ಯಾಡ. ಎರಡು ದಿನಕ್ಕೆ ಕಾಳು ಒಣಗಿ ಕುಗ್ಗಿ ಕಡ್ಡೀನ ಕಚ್ಚಿ ಹಿಡ್ಕೊತದೆ. ನಾಕು ಕಡ್ಡಿ ಸೇರಿಸಿ ಚೌಕ ಮಾಡಿದ್ಲು. ಬೆರಳಲ್ಲಿ ತಳ್ಳಿದ್ರೆ ವಾಲ್ಕೊಂಡು ಮಲಗ್ತು. ಮೂರು ಕಡ್ಡೀದು ಮಾಡು ಅಂದೆ. ಏನು ತಳ್ಳಿದ್ರೂ ಅಲ್ಲಾಡ್ಲಿಲ್ಲ. ಮೂರು ಕಡ್ಡಿ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗೋಕೆ ಸಾಧ್ಯನೇ ಇಲ್ಲ ನೋಡಿ. ನಮ್ಮ ತೋಟದ ಗೇಟಿಗೆ ಓರೆಯಾಗಿ ಒಂದು ಪಟ್ಟಿ ಬೆಸೆದವ್ರಲ್ಲ, ಅದು ಚಂದಕ್ಕೆ ಅಂದ್ಕೊಂಡಿದ್ಲಂತೆ ಅವಳು.

ಹಂಗೆ ತ್ರಿಕೋನ ಪಕ್ಕ ತ್ರಿಕೋನ ಸೇರಿಸಿ ಒಂದಡಿ ಸೇತುವೆ ಆಯ್ತು. ಒಣಗಿದ ಮೇಲೆ ಅರ್ಧ ಕೇಜಿ ಉಪ್ಪಿನ ಪ್ಯಾಕೆಟ್ ಹೊತ್ಕೊಂಡ್ತು. ಇನ್ನೊಂದು ಪ್ಯಾಕೆಟ್ ಹೇರಿದಾಗ ನಡುವೆ ಕುಸೀತು. ಕಡ್ಡಿ ಮುರಿದಿರಲಿಲ್ಲ, ಒಂದು ಕಾಳು ಸೀಳಿತ್ತು. ಸಂದಲ್ಲೇ ಸೋತಿದ್ದು. "ದಪ್ಪ ಕಾಳು ಆರಿಸ್ಬೇಕಿತ್ತು ಅಜ್ಜಿ" ಅಂತ ಅವಳೇ ಹೇಳಿದ್ಲು. ಎರಡನೇ ಸಲ ಪಾತ್ರೇಲಿ ಬೆರಳಾಡಿಸಿ ಒಂದೊಂದೇ ಕಾಳು ಆರಿಸಿದ್ದು ನೋಡಬೇಕಿತ್ತು ನೀವು. (ಸೀಳಿದ ಕಾಳು ಹುಳಿಗೆ ಹಾಕೋಣ ಅಂದ್ರೆ ಕೊಡ್ಲಿಲ್ಲ.)

ನಮ್ಮೂರಿಗೆ ಹುತ್ರಿದುರ್ಗ ಇರೋದು ಇದಕ್ಕೆಲ್ಲ ಬಲು ಅನುಕೂಲ. ಕೆಂಪೇಗೌಡರ ನವದುರ್ಗಗಳಲ್ಲಿ ಇದೂ ಒಂದು. ಮೇಲೆ ಶಂಕರೇಶ್ವರನ ಗುಡಿಗೆ ಹತ್ತುವಾಗ ಒಂದಾದ್ಮೇಲೊಂದು ಕಲ್ಲಿನ ಬಾಗಿಲು ದಾಟ್ಕೊಂಡೇ ಹೋಗಬೇಕು. ಎರಡು ಕಡೆ ಕಲ್ಲುಕಂಬ, ಮೇಲೆ ಅಡ್ಡಕ್ಕೆ ಕಲ್ಲುತೊಲೆ. ಬಾಗಿಲು ಇಷ್ಟೇ ಅಗಲ ಯಾಕೆ, ಲಾರಿ ಹೋಗೋಷ್ಟು ಅಗಲ ಯಾಕೆ ಮಾಡ್ಲಿಲ್ಲ ಅಂತ ಮೊಮ್ಮಗಳು ಕೇಳಿದ್ಲು. ಶತ್ರುಗಳು ನುಗ್ಗದಿರಲಿ ಅಂತ ಒಂದು ಕಾರಣ. ಇನ್ನೊಂದು ಕಾರಣಾನ ಮನೆಗೆ ಬಂದು ರೊಟ್ಟಿ ಹಿಟ್ಟಲ್ಲಿ ತೋರಿಸ್ದೆ. ರಾಗಿ ಹಿಟ್ಟು ಗಟ್ಟಿಗೆ ಕಲಸಿ, ಕೋಲಿನಂಗೆ ಉರುಟು ಮಾಡಿ, ಎರಡು ಲೋಟದ ಮೇಲೆ ಮಲಗಿಸಿ ನಡುವೆ ಒತ್ತಿದ್ರೆ ಬಿರುಕು ಬಿಡೋದು ಕೆಳಗಡೆ. ಮೇಲ್ಭಾಗ ಅಮುಕ್ಕೊತದೆ, ಕೆಳಭಾಗ ಹಿಗ್ಗುತ್ತೆ. ಕಲ್ಲು ಎಷ್ಟು ಅಮುಕಿದ್ರೂ ತಡೀತದೆ, ಎಳೆದ್ರೆ ತಡಿಯಲ್ಲ. ಅದಕ್ಕೇ ಕಲ್ಲುತೊಲೆ ಗಿಡ್ಡವಾಗಿರಬೇಕು, ಕಂಬ ಹತ್ತಿರ ಹತ್ತಿರ ಇರಬೇಕು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ನೋಡಿದ್ದೀರಲ್ಲ? ಅದೂ ಇದೇ ಲೆಕ್ಕ. ಸಾಲಾಗಿ ಕಲ್ಲುಕಂಬ, ಕಂಬದ ನೆತ್ತಿ ಮೇಲೆ ಬೋದಿಗೆ, ಅದರ ಮೇಲೆ ಕಲ್ಲುತೊಲೆ. ಬೋದಿಗೆ ಎರಡು ಕಡೆಗೂ ಕೈ ಚಾಚಿರೋದ್ರಿಂದ ತೊಲೆಗೆ ಅಷ್ಟು ದೂರ ಉಳೀತದೆ.

ತೂಗುಸೇತುವೆಗೆ ಬಟ್ಟೆ ಒಣಗಾಕೋ ಹಗ್ಗ ಸಾಕು. ಒದ್ದೆ ಜಮಖಾನ ಹಾಕಿದಾಗ ಹಗ್ಗ ಬಿಗಿಯಾಗಿದ್ದಷ್ಟೂ ಗೂಟ ಒಳಕ್ಕೆ ವಾಲ್ತದೆ. ಒಂಚೂರು ಜೋಲು ಬಿಟ್ರೆ ಗೂಟಕ್ಕೆ ಎಳೆತ ಕಮ್ಮಿ. ಸುಳ್ಯದ ಗಿರೀಶ್ ಭಾರದ್ವಾಜ್ ಅನ್ನೋರು 1989ರಲ್ಲಿ ಅರಂಬೂರಲ್ಲಿ ಪಯಸ್ವಿನಿ ಹೊಳೆಗೆ ಮೊದಲನೇ ತೂಗುಸೇತುವೆ ಕಟ್ಟಿ, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದ್ರು. ಅವರು ಓದಿದ್ದು ನಮ್ಮ ಪಕ್ಕದ ಮಂಡ್ಯದಲ್ಲಿ, ಅದೂ ಮೆಕ್ಯಾನಿಕಲ್ ಇಂಜಿನಿಯರಿಂಗು! 2017ರಲ್ಲಿ ಪದ್ಮಶ್ರೀ ಬಂತು.

ಮಳೆಗಾಲದಲ್ಲಿ ಹೊಳೆಯಾಚೆ ಊರಿನೋರಿಗೆ ಸೇತುವೆ ಇಲ್ದಿದ್ರೆ ಏನಾಗ್ತದೆ ಅಂತ ಮಕ್ಕಳಿಗೆ ಹೇಳಬೇಕೋ ಬ್ಯಾಡವೋ ಅಂತ ಯೋಚನೆ ಮಾಡ್ದೆ. ಹೇಳೇಬಿಟ್ಟೆ. 2022ರ ಆಗಸ್ಟಲ್ಲಿ ಬೈಂದೂರು ಕಡೆ ಸ್ಕೂಲಿಂದ ಮನೆಗೆ ಬರ್ತಿದ್ದ ಎರಡನೇ ಕ್ಲಾಸಿನ ಹುಡುಗಿ ಕಾಲುಸಂಕದಿಂದ ಜಾರಿ ನೀರುಪಾಲಾಯ್ತು. ಇವಳಿಗಿಂತ ಒಂದು ಕ್ಲಾಸು ಕಮ್ಮಿ. ಮೊಮ್ಮಗಳು ಬಹಳ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಕೈ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ವಾ ಅಜ್ಜಿ?" ಅಂದ್ಲು. ನಾನು ಸುಮ್ನಿದ್ದೆ. ಅವಳು ಎದ್ದು ಹೋಗಿ ಉಳಿದಿದ್ದ ಕಾಳು, ಕಡ್ಡಿ ತಂದು ಸೇತುವೆ ಎರಡೂ ಪಕ್ಕಕ್ಕೆ ಕೈಪಿಡಿ ಚುಚ್ಚೋಕೆ ಕೂತ್ಲು. ಎತ್ತರ ಎಷ್ಟು ಅಂತ ತನ್ನ ಸೊಂಟಕ್ಕೆ ಕೈ ಇಟ್ಕೊಂಡು ನೋಡಿದ್ಲು. "ದೊಡ್ಡೋರ ಕೈಗೆ ಸಿಕ್ಕಿದ್ರೆ ಸಾಲ್ದು, ಚಿಕ್ಕೋರ ಕೈಗೂ ಸಿಕ್ಕಬೇಕು" ಅಂತ ಕೆಳಗಡೆ ಇನ್ನೊಂದು ಸಾಲು ಸೇರಿಸಿದ್ಲು. ಇದನ್ನ ನಾನು ಹೇಳ್ಕೊಟ್ಟಿದ್ದಲ್ಲ.

ಸ್ಕೂಲಲ್ಲಿ ಬಹುಮಾನ ಥರ್ಮಾಕೋಲಿಗೇ ಹೋಯ್ತು, ಅದರಲ್ಲಿ ಲೈಟೂ ಉರೀತಿತ್ತಂತೆ. ನಮ್ಮದು ಕಂದು ಬಣ್ಣಕ್ಕೆ ಹಪ್ಪಳದ ಸಂಡಿಗೆ ಒಣಗಾಕಿದಂಗೆ ಕಾಣ್ತಿತ್ತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದು ಮುಖ ಊದಿಸ್ಕೊಂಡು ಕೂತಿದ್ಲು. ಸಂಜೆ ಕೇರಿ ಹುಡುಗರು ನಾಕೈದು ಜನ ಬಂದು "ಎಲ್ಲಿ, ಉಪ್ಪಿನ ಪ್ಯಾಕೆಟ್ ಇಟ್ಟು ತೋರ್ಸು" ಅಂದಾಗ ಎದ್ಲು. ಒಂದು ಪ್ಯಾಕೆಟ್ ಇಟ್ಲು, ಎರಡನೇದೂ ಇಟ್ಲು. ದಪ್ಪ ಕಾಳು ಆರಿಸಿದ್ದು ಸಾರ್ಥಕ ಆಯ್ತು, ನಿಲ್ತು. ಸೊಸೆ ಒಳಗಿಂದ ಬಂದು ತಾನೇ ಮೂರನೇ ಪ್ಯಾಕೆಟ್ ಕೈಗೆ ಕೊಟ್ಲು.

ಈಗ ಆ ಹುಡುಗರೆಲ್ಲ ಸೇರ್ಕೊಂಡು ಹಿತ್ತಲ ಕಾಲುವೆಗೆ ನಿಜವಾದ್ದೇ ಸೇತುವೆ ಬೇಕು ಅಂತ ಹಟ ಹಿಡಿದವ್ರೆ. ಮೂರಡಿ ಅಗಲ, ಮೊಣಕಾಲುದ್ದ ನೀರು. ಅವರ ತಾತ ಅಡಿಕೆ ದಬ್ಬೆ ಸೀಳಿಸ್ಕೊಡ್ತೀನಿ ಅಂದವ್ರೆ. ಕೈಪಿಡಿ ಎರಡು ಸಾಲು ಇರಬೇಕಂತೆ, ಅಳತೆ ಅವಳದೇ.