ಎಂಜಿನಿನ ಟೈಮಿಂಗ್ ಚೈನು

ತಮ್ಮಲ್ಲಿ ಅನೇಕರು ಕಾರನ್ನು ಓಡಿಸಿದವರೇ ಇದ್ದೀರಿ. ಆದರೆ ಅದರ ಎಂಜಿನಿನ ಮುಂಭಾಗದಲ್ಲಿ, ತಗಡಿನ ಮುಚ್ಚಳವೊಂದರ ಹಿಂದೆ ಅಡಗಿರುವ ಚೈನನ್ನು ಕಣ್ಣಾರೆ ಕಂಡವರು ವಿರಳ. ನೋಡಲು ಸೈಕಲ್ಲಿನ ಚೈನಿನಂತೆಯೇ ಇರುವ ಇದಕ್ಕೆ ಟೈಮಿಂಗ್ ಚೈನು ಎಂದು ಹೆಸರು. ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ಬರುವಷ್ಟರಲ್ಲಿ, ವಾಲ್ವುಗಳನ್ನು ತೆರೆಸುವ ಕ್ಯಾಮ್ ಶಾಫ್ಟು ಸರಿಯಾಗಿ ಒಂದೇ ಸುತ್ತು ಬರಬೇಕು. ಆದಕಾರಣವೇ ಮೇಲಿನ ಹಲ್ಲುಚಕ್ರಕ್ಕೆ ಕೆಳಗಿನದಕ್ಕಿಂತ ಇಮ್ಮಡಿ ಹಲ್ಲುಗಳು.

ನಮ್ಮ ಮನೆಯಲ್ಲಿರುವುದು 1984ರ ಅಂಬಾಸಡರ್, 1489 ಸಿ.ಸಿ.ಯ ಪೆಟ್ರೋಲ್ ಎಂಜಿನಿನದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ನನ್ನ ಧರ್ಮಪತ್ನಿಯನ್ನು ಹದಿನೈದು ದಿನಗಳಿಗೊಮ್ಮೆ ಚಿತ್ರದುರ್ಗದಿಂದ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯುವುದು ಇದರಲ್ಲಿಯೇ. ಬಸ್ಸಿನ ಕುಲುಕಾಟವನ್ನು ಆಕೆಯ ಬೆನ್ನು ತಾಳಲಾರದು. ಕಳೆದ ಚಳಿಗಾಲದಲ್ಲಿ, ಬೆಳಗಿನ ಹೊತ್ತು ಎಂಜಿನ್ ಚಾಲೂ ಮಾಡಿದೊಡನೆ, ಡಬ್ಬಿಯಲ್ಲಿ ಮೊಳೆಗಳನ್ನು ಅಲ್ಲಾಡಿಸಿದಂತಹ ಸದ್ದು ಮುಂಭಾಗದಿಂದ ಕೇಳತೊಡಗಿತು. ಬಂಧುಗಳು ಮಾರಿಬಿಡಿರೆಂದರು. ಅರುವತ್ತು ಕಿಲೋಮೀಟರಿನ ಹೆದ್ದಾರಿಯ ನಡುವೆ ರೋಗಿಯೊಡನೆ ನಿಂತುಬಿಡುವ ಸಂಭವವನ್ನು ನೆನೆದಾಗ, ಅವರ ಮಾತನ್ನು ತಳ್ಳಿಹಾಕುವುದೂ ಸುಲಭವಾಗಿರಲಿಲ್ಲ.

ಚೈನು ಹಿಗ್ಗಿತು ಎಂದು ಜನ ಹೇಳುತ್ತಾರೆ. ಉಕ್ಕು ರಬ್ಬರಿನಂತೆ ಹಿಗ್ಗುವ ವಸ್ತುವಲ್ಲ. ಪ್ರತಿಯೊಂದು ಕೊಂಡಿಯ ಪಿನ್ನೂ ಅದರ ಬುಷ್ಷೂ ಕೂದಲೆಳೆಯಷ್ಟು ಸವೆಯುತ್ತವೆ. ಆ ಸವೆತಗಳೆಲ್ಲ ಒಟ್ಟುಗೂಡಿ ಚೈನು ಉದ್ದವಾಗುತ್ತದೆ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸದ ಎಂಜಿನಿನಲ್ಲಿ ಇದು ಬೇಗ ಆಗುತ್ತದೆ. ಆಗ ಕ್ಯಾಮ್ ಶಾಫ್ಟು ಹಿಂದೆ ಬೀಳುತ್ತದೆ, ವಾಲ್ವುಗಳು ತಡವಾಗಿ ತೆರೆಯುತ್ತವೆ. ಡಿಸ್ಟ್ರಿಬ್ಯೂಟರ್ ಕೂಡ ಆ ಶಾಫ್ಟಿನಿಂದಲೇ ತಿರುಗುವುದರಿಂದ ಕಿಡಿಯೂ ತಡವಾಗುತ್ತದೆ. ಏರುದಾರಿಯಲ್ಲಿ ಕಾರು ಸೊರಗುತ್ತದೆ.

ಮೊದಲು ತೋರಿಸಿದ ಗ್ಯಾರೇಜಿನವರು ಚೈನೊಂದನ್ನೇ ಬದಲಿಸಿದರೆ ಸಾಕೆಂದರು. ಅನಂತರ ಕಂಡ ವೃದ್ಧ ಮೇಸ್ತ್ರಿಯೊಬ್ಬರು ಒಪ್ಪಲಿಲ್ಲ. “ಮೇಷ್ಟ್ರೇ, ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಅದೂ ಬೇಗ ಕೆಡುತ್ತದೆ. ಎರಡು ಚಕ್ರ, ಟೆನ್ಷನರ್, ಮುಂದಿನ ಆಯಿಲ್ ಸೀಲ್, ಎಲ್ಲ ತನ್ನಿ. ಇಲ್ಲವಾದರೆ ನಾನು ಬಿಚ್ಚುವುದಿಲ್ಲ” ಎಂದರು. ಅವರದೇ ಸರಿಯೆಂದು ನನಗೆ ತೋರಿತು. ಮತ್ತೆ ಮತ್ತೆ ಬಿಚ್ಚುವ ಕೂಲಿಯ ಮುಂದೆ ಆ ಸಾಮಾನಿನ ಬೆಲೆ ದೊಡ್ಡದಲ್ಲ. ಸಾಮಾನು ಕೈಸೇರುವವರೆಗೆ ಕಾರನ್ನು ಹೊರತೆಗೆಯಲಿಲ್ಲ. ಒಂದು ಸಲ ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಹೋಗಿಬಂದೆವು.

ಕೆಲಸದ ದಿನ ನಾನು ಪಕ್ಕದಲ್ಲಿಯೇ ಸ್ಟೂಲು ಹಾಕಿಕೊಂಡು ಕುಳಿತೆ. ಬ್ಯಾಟರಿಯ ತಂತಿ ಬಿಚ್ಚಿ, ನೀರು ಇಳಿಸಿ, ರೇಡಿಯೇಟರನ್ನು ಹೊರತೆಗೆದರು. ಕ್ರ್ಯಾಂಕಿನ ಪುಲ್ಲಿಯ ನಟ್ಟು ಸಡಿಲಗೊಳ್ಳಲು ಅರ್ಧ ಗಂಟೆ ಹಿಡಿಯಿತು. ಮುಚ್ಚಳ ತೆಗೆದೊಡನೆ ಮೇಸ್ತ್ರಿಯವರು ಏನನ್ನೂ ಬಿಚ್ಚದೆ, ಎಂಜಿನನ್ನು ಕೈಯಿಂದ ತಿರುಗಿಸಿ, ಎರಡು ಚಕ್ರಗಳ ಗುರುತುಗಳನ್ನು ಎದುರುಬದುರಾಗಿ ತಂದರು. ಇಡೀ ಕೆಲಸದ ಪ್ರಾಣ ಇದು. ಬಳಿಕ ಚಕ್ರಗಳನ್ನೂ ಚೈನನ್ನೂ ಒಟ್ಟಿಗೆ ಎಳೆದುಕೊಂಡರು. ಹಳೆಯ ಚೈನನ್ನು ಅಡ್ಡಲಾಗಿ ಹಿಡಿದಾಗ ಅದು ಬಿಲ್ಲಿನಂತೆ ಜೋತುಬಿದ್ದಿತು. ಹೊಸದು ಹೆಚ್ಚುಕಡಿಮೆ ನೇರವಾಗಿ ನಿಂತಿತು. ಹೊಸ ಚಕ್ರಗಳೆರಡೂ ಒಂದೇ ಸಮತಲದಲ್ಲಿವೆಯೇ ಎಂದು ಉಕ್ಕಿನ ಪಟ್ಟಿಯಿಟ್ಟು ನೋಡಿ, ಕೆಳಚಕ್ರದ ಹಿಂದೆ ತೆಳುವಾದ ವಾಷರೊಂದನ್ನು ಸೇರಿಸಿದರು. ಆಮೇಲೆ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿದರು. ಗುರುತುಗಳು ಪುನಃ ಎದುರುಬದುರಾದವು.

ಇಂದಿನ ಕೆಲವು ಕಾರುಗಳಲ್ಲಿ ಚೈನಿನ ಬದಲು ರಬ್ಬರಿನ ಬೆಲ್ಟು ಇರುತ್ತದೆ. ಅದು ಸದ್ದು ಮಾಡದೆಯೇ ಹರಿಯಬಹುದು; ಕೆಲವು ಎಂಜಿನುಗಳಲ್ಲಿ ಹಾಗಾದಾಗ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಅವು ಬಾಗಿಹೋಗುತ್ತವೆ. ತಮ್ಮ ಕಾರಿನಲ್ಲಿ ಯಾವುದಿದೆಯೆಂದು ಅದರ ಪುಸ್ತಕದಲ್ಲಿ ನೋಡಿಕೊಳ್ಳಿರಿ.

ಸಂಜೆ ಕಿಡಿಯ ಟೈಮಿಂಗನ್ನೂ ಹೊಸದಾಗಿ ಹೊಂದಿಸಿ, ಎಣ್ಣೆ ಬದಲಿಸಿ ಎಂಜಿನನ್ನು ಚಾಲೂ ಮಾಡಿದಾಗ ಗಲಗಲ ಸದ್ದು ಇರಲಿಲ್ಲ. ಮರುವಾರ ಆಕೆಯನ್ನು ದಾವಣಗೆರೆಗೆ ಕರೆದೊಯ್ದೆ. ದಾರಿಯಲ್ಲಿ ಆಕೆ ನಿದ್ರೆಹೋದಳು.