ಒಂದು ಲೋಟ ನೀರು

ನಮ್ಮವ್ವನಿಗೆ ಓದು ಬರದು. ಹಸಿರು ಗುಂಡಿ ಒತ್ತಿದರೆ ಮಾತು ಬರುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ, ಫೋನಿನ ಬಗ್ಗೆ ಅವಳಿಗೆ ಗೊತ್ತಿರುವುದು ಇಷ್ಟೇ. ಅಂಥ ಅವ್ವ 2021ರ ನವೆಂಬರಿನ ಒಂದು ಸಂಜೆ ನನ್ನ ಮಗನ ಕೈಲಿದ್ದ ಫೋನಿಗೆ ಮುಖ ಹಚ್ಚಿ ಕೂತು, "ಇನ್ನೊಂದ್ ಕಿತ ಹಾಕ್ಲಾ ಮಗ" ಅಂದಳು. ಅವನು ಹಾಕಿದ. "ಇನ್ನೊಂದ್ ಕಿತ" ಅಂದಳು.

ದೆಹಲಿಯ ರಾಷ್ಟ್ರಪತಿ ಭವನ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳಲು ನಡೆದು ಬರುತ್ತಾರೆ. ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು, ಸೆರಗು ಹಿಡಿದು ಅವರಿಗೆ ದೃಷ್ಟಿ ತೆಗೆಯುತ್ತಾರೆ. ಅಷ್ಟೇ. ಆ ಚಿತ್ರ ಫೋನಿನಿಂದ ಫೋನಿಗೆ ಹಾರಿ ದೇಶ ಸುತ್ತಿ ನಮ್ಮ ಹಟ್ಟಿಗೂ ಬಂದಿತ್ತು. ಗಂಡೆಂದು ಹೆಸರಿಟ್ಟು ಬೆಳೆಸಿದ ಕೂಸೊಂದು ಹೆಣ್ಣಾಗಿ ನಿಂತು, ದಲಿತರ ಮನೆಯಲ್ಲಿ ಹುಟ್ಟಿ ರಾಷ್ಟ್ರಪತಿಯಾದವನಿಗೆ ಕಣ್ಣು ತಾಗದಿರಲಿ ಅಂತ ಹರಸುತ್ತಿತ್ತು.

ಅವ್ವ ನನ್ನ ಕಡೆ ತಿರುಗಿದಳು. "ಇದು ನಮ್ ಚಿಕ್ಕುದ್ರಂಗೇ ಅಲ್ವೇನ್ಲಾ?"

ನಾನು ಮಾತಾಡಲಿಲ್ಲ. ಚಿಕ್ಕದು ಅನ್ನುವ ಮಾತು ನಮ್ಮ ಮನೆಯಲ್ಲಿ ಇಪ್ಪತ್ತೈದು ವರ್ಷದಿಂದ ಯಾರ ಬಾಯಲ್ಲೂ ಬಂದಿರಲಿಲ್ಲ.

ಚಿಕ್ಕದು ನನ್ನ ಒಡಹುಟ್ಟು. ನಮ್ಮಪ್ಪ ತಮಟೆ ಬಡಿಯುವವನು. ಅಪ್ಪನ ತಮಟೆ ಕೇಳಿದರೆ ಚಿಕ್ಕದು ಎದ್ದು ಕುಣಿಯುತ್ತಿತ್ತು. ಅವ್ವನ ಹಳೇ ಸೀರೆ ಸುತ್ತಿಕೊಂಡು ಕುಣಿದರೆ ಊರಮ್ಮನ ಪರಿಷೆಯಲ್ಲಿ ಗೌಡರ ಮಕ್ಕಳೂ ಶಿಳ್ಳೆ ಹೊಡೆಯುತ್ತಿದ್ದರು. ಪರಿಷೆ ಮುಗಿದ ಮೇಲೆ ಅಪ್ಪ ಅದೇ ತಮಟೆ ಕಡ್ಡಿಯಲ್ಲಿ ಬಡಿಯುತ್ತಿದ್ದ. ಇಸ್ಕೂಲಿನಲ್ಲಿ ಗಂಡುಮಕ್ಕಳ ಸಾಲಿಗೂ ಬೇಡ, ಹೆಣ್ಣುಮಕ್ಕಳ ಸಾಲಿಗೂ ಬೇಡ ಅಂತ ಮೇಷ್ಟ್ರು ನಡುವೆ ನಿಲ್ಲಿಸಿ ಎಲ್ಲರನ್ನೂ ನಗಿಸುತ್ತಿದ್ದರು. ಯಾರಾದರೂ ಜಾತಿ ಹಿಡಿದು ಬೈದರೆ ಇಡೀ ಹಟ್ಟಿ ದೊಣ್ಣೆ ಹಿಡಿದು ಎದ್ದು ಬರುತ್ತಿತ್ತು. "ಒಂಬತ್ತು" ಅಂತ ಬೈದರೆ ಹಟ್ಟಿಯೇ ನಗುತ್ತಿತ್ತು. ನಾನೂ ನಕ್ಕಿದ್ದೇನೆ.

ನಾನು ಪೇಟೆಯ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಸಂಘ ಸೇರಿದ್ದೆ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದರ ವಿರುದ್ಧ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗುತ್ತಿದ್ದೆ. 1996ರಲ್ಲಿ ಒಂದು ರಾತ್ರಿ ಚಿಕ್ಕದು ಒಂದು ಕೈಚೀಲ ಹಿಡಿದು ನನ್ನ ರೂಮಿಗೆ ಬಂತು. ತುಟಿ ಒಡೆದಿತ್ತು. "ಅಣ್ಣಾ, ನಾನು ಗಂಡಲ್ಲ ಕಣಣ್ಣಾ" ಅಂತು.

ನಾನು ಏನಂದೆ ಎಂಬುದನ್ನು ಬರೆಯುವುದು ಕಷ್ಟ. ಬರೆಯುತ್ತೇನೆ. "ಮೊದ್ಲೇ ನಮ್ಮುನ್ನ ಜನ ಕೀಳಾಗಿ ನೋಡ್ತಾರೆ. ಇದೊಂದ್ ಬೇರೆ ಸೇರಿಸ್ಬೇಡ. ಚಳವಳಿ ಮಾನ ಕಳೀಬೇಡ" ಅಂದೆ. ಕೈಗೆ ಐವತ್ತು ರೂಪಾಯಿ ಇಟ್ಟು ಬಾಗಿಲು ತೆಗೆದೆ. ಮಾರನೇ ಬೆಳಿಗ್ಗೆ ಸಂಘದ ಸಭೆಯಲ್ಲಿ ನನ್ನ ಭಾಷಣ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದು ನೀರು ಮುಟ್ಟಿದ ಕತೆ. ಚಪ್ಪಾಳೆ ಬಿತ್ತು. ಹಿಂದಿನ ರಾತ್ರಿ ನನ್ನ ಬಾಗಿಲಿಗೆ ಬಂದ ಒಡಹುಟ್ಟಿಗೆ ನಾನು ಒಂದು ಲೋಟ ನೀರು ಬೇಕಾ ಅಂತ ಕೇಳಿರಲಿಲ್ಲ.

ಆಮೇಲೆ ಚಿಕ್ಕದು ಬೆಂಗಳೂರು ಸೇರಿತು ಅಂತ ಯಾರೋ ಅಂದರು. ಅಪ್ಪ ಸತ್ತ. ಸುದ್ದಿ ಮುಟ್ಟಿಸುವವರಿರಲಿಲ್ಲ. 2003ರಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕ ಬೆಂಗಳೂರಿನ ಹಿಜಡಾಗಳ ಮೇಲೆ ಪೊಲೀಸರು, ಗೂಂಡಾಗಳು ನಡೆಸುವ ದೌರ್ಜನ್ಯದ ಬಗ್ಗೆ ವರದಿ ತಂದಿತು. ಗೆಳೆಯರೊಬ್ಬರು ಓದು ಅಂತ ಕೊಟ್ಟರು. ಒಳಗೆ ಚಿಕ್ಕದು ಇದ್ದೀತು ಎಂದು ಹೆದರಿ ನಾನು ಅದನ್ನು ತೆರೆಯಲಿಲ್ಲ. 2014ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇವರೂ ಮನುಷ್ಯರು, ತಮ್ಮ ಲಿಂಗ ಯಾವುದೆಂದು ತಾವೇ ಹೇಳಿಕೊಳ್ಳುವ ಹಕ್ಕು ಇವರಿಗಿದೆ ಎಂದಿತು. ಪೇಪರಿನಲ್ಲಿ ಓದಿ ಹಾಳೆ ತಿರುವಿದೆ.

2015ರಲ್ಲಿ 'ನಾನು ಅವನಲ್ಲ ಅವಳು' ಸಿನಿಮಾ ಬಂತು. ಅದರ ಮೂಲ ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಬರೆದ ಆತ್ಮಕತೆ. ವಿದ್ಯಾ ದಲಿತರ ಮಗಳು. ಇವರ ಮೇಲಿನ ದ್ವೇಷವೂ ಬ್ರಾಹ್ಮಣ್ಯದ್ದೇ ಒಂದು ರೂಪ ಎಂದು ಆಕೆ 2013ರಲ್ಲೇ ಹೇಳಿದ್ದು ಅಂತರ್ಜಾಲದಲ್ಲಿ ಸಿಕ್ಕಿ ಓದಿದೆ. ಕೆನ್ನೆಗೆ ಹೊಡೆದಂತಾಯಿತು. ಹುಟ್ಟಿನ ಲೆಕ್ಕದಲ್ಲಿ ಮನುಷ್ಯರನ್ನು ಮೇಲು ಕೀಳು ಮಾಡಬೇಡಿ ಅನ್ನುವುದು ನಮ್ಮ ಮಾತು. ಅದೇ ಮಾತನ್ನು ಆಕೆ ನಮ್ಮ ಕಡೆಗೆ ತಿರುಗಿಸಿ ಹಿಡಿದಿದ್ದರು.

ಚರಿತ್ರೆಯೂ ಅದನ್ನೇ ಹೇಳುತ್ತದೆ. 1871ರಲ್ಲಿ ಬ್ರಿಟಿಷರು ತಂದ ಒಂದು ಕಾಯ್ದೆ ಕೆಲವು ಬುಡಕಟ್ಟುಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಅದೇ ಕಾಯ್ದೆಯ ಇನ್ನೊಂದು ಭಾಗ ಹಿಜಡಾಗಳ ಪಟ್ಟಿ ಮಾಡಿತು. ನಮ್ಮ ಅಲೆಮಾರಿಗಳೂ ಇವರೂ ಒಂದೇ ಪುಸ್ತಕದ ಆರೋಪಿಗಳು. ಬ್ರಿಟಿಷರು ಹೋದರು, ಬುದ್ಧಿ ಹೋಗಲಿಲ್ಲ. ನಮ್ಮ ರಾಜ್ಯದ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅಂತ ಸೇರಿಸಿ ಇವರ ಪಟ್ಟಿ ಇಡುವ ಅಧಿಕಾರವನ್ನು ಮತ್ತೆ ಪೊಲೀಸರಿಗೆ ಕೊಟ್ಟರು. ಇವರೇ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಆ ಸೆಕ್ಷನ್ನಿನಿಂದ ಇವರನ್ನು ಕರೆಯುವ ಪದ ಹೋಯಿತು. ಆ ಹೋರಾಟದಲ್ಲಿ ನಮ್ಮ ಎಷ್ಟು ಬಾವುಟಗಳಿದ್ದವು? ನನ್ನದಂತೂ ಇರಲಿಲ್ಲ.

ಹಾಗಂತ ಫೋನನ್ನೇ ದೇವರು ಮಾಡಬೇಕಿಲ್ಲ. ಇವರ ಪರವಾಗಿ ಅಲ್ಲಿ ಬರುವುದು ಬಹುಪಾಲು ಇಂಗ್ಲಿಷು. ಜೂನ್ ತಿಂಗಳು ಬಂದರೆ ದೊಡ್ಡ ಕಂಪನಿಗಳು ಕಾಮನಬಿಲ್ಲಿನ ಬಣ್ಣ ಬಳಿದುಕೊಳ್ಳುತ್ತವೆ, ಜುಲೈಗೆ ಒರೆಸಿಕೊಳ್ಳುತ್ತವೆ. 2015ರಲ್ಲಿ ಮುಂಬೈಯ ತಾಯಿಯೊಬ್ಬರು ತಮ್ಮ ಮಗನಿಗೆ ವರ ಬೇಕೆಂದು ಪೇಪರಿನಲ್ಲಿ ಜಾಹೀರಾತು ಕೊಟ್ಟರು. ಗಂಡಿಗೆ ಗಂಡು ಕೇಳಿದ ಆ ತಾಯಿಯ ಎದೆಗಾರಿಕೆಗೆ ಕೈಮುಗಿಯಬೇಕು. ಆದರೆ ಅದರಲ್ಲೂ ಜಾತಿ ಅಡ್ಡಿಯಿಲ್ಲ, ಅಯ್ಯರ್ ಆದರೆ ಒಳ್ಳೆಯದು ಅಂತ ಇತ್ತು. ನೋಡಿ, ಲಿಂಗದ ಬೇಲಿ ಹಾರಿದ ಮೇಲೂ ಜಾತಿಯ ಬೇಲಿ ನಿಂತೇ ಇತ್ತು. ಇನ್ನು ಮಂಜಮ್ಮನವರ ಚಿತ್ರದ ಕೆಳಗೆ ಬರೆದವರಲ್ಲಿ ಕೈಮುಗಿದವರಿದ್ದರು, ಕಕ್ಕಿದವರೂ ಇದ್ದರು. ಅವ್ವನಿಗೆ ಓದು ಬರದಿದ್ದದ್ದು ಆವತ್ತು ಒಳ್ಳೆಯದಾಯಿತು.

ಆದರೂ ಒಂದು ಮಾತು ಒಪ್ಪಲೇಬೇಕು. ನಾನು ಮೂವತ್ತು ವರ್ಷ ಬರೆದ ಒಂದು ಸಾಲೂ ನಮ್ಮವ್ವನನ್ನು ಮುಟ್ಟಿರಲಿಲ್ಲ. ಕನ್ನಡ ಸೀರೆ ಉಟ್ಟ ಒಬ್ಬ ಜೋಗತಿ ಅಂಗೈಯಗಲದ ಗಾಜಿನಲ್ಲಿ ಸೆರಗು ಬೀಸಿ ಮುಟ್ಟಿದಳು. ಬೆಂಗಳೂರಿನ ಸಮುದಾಯ ರೇಡಿಯೋ 90.4ರಲ್ಲಿ ಇವರೇ ಮೈಕು ಹಿಡಿದು ಕನ್ನಡದಲ್ಲಿ ತಮ್ಮ ಕತೆ ಹೇಳಿಕೊಂಡರು. ಈಗ ಫೋನಿನಲ್ಲೂ ಇಂಥ ದನಿಗಳು ಸಿಗುತ್ತವೆ. ಕರುಣೆಯ ಭಾಷಣ ಬೇಕಾಗಿಲ್ಲ. ನಮ್ಮ ಮಾತಿನಲ್ಲಿ, ನಮ್ಮವರೇ ಅನ್ನಿಸುವ ಮುಖ ಬೇಕು.

ಅಂಥದೇ ಒಂದು ವಿಡಿಯೋದ ಕೊನೆಯಲ್ಲಿದ್ದ ನಂಬರಿಗೆ ನನ್ನ ಮಗ ಫೋನು ಮಾಡಿದ. ಅವರು ಇನ್ನೊಬ್ಬರನ್ನು ಕೇಳಿದರು, ಅವರು ಮತ್ತೊಬ್ಬರನ್ನು. ಆರು ತಿಂಗಳಾದ ಮೇಲೆ ಒಂದು ರಾತ್ರಿ ಫೋನು ಬಂತು. ನನ್ನ ಕೈ ನಡುಗುತ್ತಿತ್ತು. ಅವ್ವ ಕಿತ್ತುಕೊಂಡಳು. ಎಲ್ಲಿದ್ದೆ, ಯಾಕೆ ಹೋದೆ, ಏನೂ ಕೇಳಲಿಲ್ಲ.

"ಉಂಡ್ಯೇನವ್ವಾ?" ಅಂದಳು.

ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ಕರೆದಳು. ಯಾವ ಕೋರ್ಟಿನ ತೀರ್ಪನ್ನೂ ಓದದ ಅವ್ವ.

ತಂಗಿ ಬಂದಳು. ಹೌದು, ಈಗ ತಂಗಿ ಅನ್ನುತ್ತೇನೆ. ಲೋಟ ತೊಳೆದು ನಾನೇ ನೀರು ಕೊಟ್ಟೆ. ಕುಡಿದಳು. ಗೋಡೆಯಲ್ಲಿ ತೂಗಿದ್ದ ಅಪ್ಪನ ತಮಟೆ ಮುಟ್ಟಿ ನೋಡಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಬೈಯಲಿಲ್ಲ. ಎರಡು ದಿನ ಇದ್ದು ಹೊರಟಳು. ಇಲ್ಲೇ ಇರು ಅಂದೆ. "ಫೋನಲ್ಲಿ ನೋಡಿ ಕೈಮುಗಿಯೋ ಜನ, ಪಕ್ಕದಲ್ಲಿ ಕೂತ್ರೆ ಎದ್ದೋಗ್ತಾರೆ ಕಣಣ್ಣಾ" ಅಂದಳು. ನಿಜ. ಅವಳು ಜಗಲಿ ಮೇಲೆ ಕೂತಾಗ ನಮ್ಮ ಸಂಘದವರೇ ಇಬ್ಬರು ಎದ್ದು ಹೋಗಿದ್ದನ್ನು ನಾನೂ ನೋಡಿದ್ದೆ.

2021ರಲ್ಲಿ ನಮ್ಮ ಸರ್ಕಾರ ಇವರಿಗೆ ನೌಕರಿಯಲ್ಲಿ ನೂರಕ್ಕೆ 1ರ ಮೀಸಲಾತಿ ಕೊಟ್ಟಿತು. ಪ್ರತಿ ವರ್ಗದೊಳಗೂ 1, ಪರಿಶಿಷ್ಟ ಜಾತಿಯೊಳಗೂ 1. ಅಂದರೆ ಸರ್ಕಾರದ ಲೆಕ್ಕದಲ್ಲಿ ನನ್ನ ತಂಗಿ ದಲಿತಳೂ ಹೌದು, ಟ್ರಾನ್ಸ್‌ಜೆಂಡರೂ ಹೌದು. ಸರ್ಕಾರಕ್ಕೆ ಬಂದ ಈ ಲೆಕ್ಕ ನಮಗೆ ಬಂದಿಲ್ಲ.

ಗೆಳೆಯರೆ, ಊರಿನ ಆಚೆ ನಮ್ಮ ಹಟ್ಟಿ ಇದೆ. ನಮ್ಮ ಹಟ್ಟಿಯ ಆಚೆ ಇನ್ನೊಂದು ಹಟ್ಟಿಯನ್ನು ನಾವೇ ಕಟ್ಟಿದ್ದೇವೆ. ಮುಂದಿನ ಸಭೆಗೆ ತಂಗಿಯನ್ನು ಕರೆದುಕೊಂಡು ಬರುತ್ತೇನೆ. ಬರುತ್ತೇನೆ ಅಂದಿದ್ದಾಳೆ. ಅವಳ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತೀರಿ, ಹೇಳಿ.